ಪೂಜೆ ಮುಗಿದ ಮೇಲಿನ ಹೊತ್ತು

ನನ್ನ ಹತ್ತಿರ ಒಂದು ಟೀ ಕೋಸಿ ಇದೆ. ಹಾಗೆಂದರೇನು ಎಂದು ನೀವು ಕೇಳಿದರೆ ತಪ್ಪೇನಿಲ್ಲ. ಮಗುವಿನ ನೆತ್ತಿಗೆ ಥಂಡಿ ತಾಗಬಾರದೆಂದು ಕುಲಾವಿ ತೊಡಿಸುವ ಹಾಗೆ, ಕುಡಿಯುವವರು ಬರುವ ತನಕ ಚಹಾ ಆರಬಾರದೆಂದು ಪಿಂಗಾಣಿ ಪಾಟಿಗೆ ತೊಡಿಸುವ ಹತ್ತಿ ತುಂಬಿದ ಬಟ್ಟೆ ಅದು. ಮಂಗಳೂರಿನ ಕಾನ್ವೆಂಟಿನ ನೀಡಲ್‌ವರ್ಕ್ ಕ್ಲಾಸಿನಲ್ಲಿ ನಾನಿದನ್ನು ಹೊಲಿಯುವಾಗ ಬೇಸಗೆಯ ಸೆಕೆಗೆ ಬೆರಳು ಬೆವರಿ ಸೂಜಿ ಜಾರುತ್ತಿತ್ತು. ಬಿಸಿ ಚಹಾವನ್ನು ಊದಿ ಊದಿ ಆರಿಸಿ ಕುಡಿಯುವ ಊರಿನ ಹುಡುಗಿಯರು, ಆರದೇ ಇರಲೆಂದು ಅಷ್ಟು ಶ್ರದ್ಧೆಯಿಂದ ಹೊಲಿಯುತ್ತ ಕುಳಿತಿದ್ದೆವಲ್ಲ, ಆಗ ನಮಗೆ ನಗುವೂ ಬರಲಿಲ್ಲ. ಅದರ ಮೇಲೆ ಕಸೂತಿಯಲ್ಲಿ ಒಂದು ಕಲ್ಲಿನ ಮನೆ, ಹೊಗೆ ಬಿಡುವ ಚಿಮಣಿ, ಬೇಲಿಯ ಪಕ್ಕ ನಾನು ಕಣ್ಣಾರೆ ಕಾಣದ ಯಾವುದೋ ಹೂ. ಇಷ್ಟು ವರ್ಷ ಪೆಟ್ಟಿಗೆಯಲ್ಲಿ ನಿರುದ್ಯೋಗಿಯಾಗಿ ಬಿದ್ದಿದ್ದ ಅದಕ್ಕೆ ಕೊನೆಗೂ ಕೆಲಸ ಸಿಕ್ಕಿದ್ದು ದುಬೈಗೆ ಬಂದ ಮೇಲೆ. ಅಲ್ ಕುಸೈಸಿನ ಈ ಫ್ಲಾಟಿನ ಕಿಟಕಿಯಾಚೆ ಗೋದಾಮುಗಳ ತಗಡಿನ ಮಾಡು ಬಿಸಿಲಿಗೆ ಕಣ್ಣು ಕುಕ್ಕುತ್ತಿದ್ದರೆ, ಒಳಗೆ ಏಸಿಯ ಚಳಿಗೆ ಚಹಾ ಎರಡು ಮಾತಾಡುವುದರೊಳಗೆ ತಣ್ಣಗಾಗುತ್ತದೆ.

ಇಂಗ್ಲೆಂಡನ್ನು ನಾವು ಕಲಿತದ್ದು ಹೀಗೆ, ಸೂಜಿಯ ಮೊನೆಯಿಂದ. ಮನೆಯ ಹಿಂದೆ ಹರಿಯುವ ತೋಡಿಗೆ ಹೆಸರಿದೆಯೋ ಇಲ್ಲವೋ ತಿಳಿಯದು, ಆದರೆ ಬ್ರೂಕ್ ಎಂದರೇನು, ಮೆಡೋ ಎಂದರೇನು, ಹೆಡ್ಜ್ ಎಂದರೇನು ಎಂಬುದೆಲ್ಲ ಬಾಯಿಪಾಠ. ಡ್ರಾಯಿಂಗ್ ಪುಸ್ತಕದಲ್ಲಿ ನಾವು ಬಿಡಿಸಿದ ಮನೆಗಳಿಗೆಲ್ಲ ಚಿಮಣಿ ಇರುತ್ತಿತ್ತು. ನಮ್ಮ ಮನೆಗಳ ಹೊಗೆ ಮಾತ್ರ ಹೆಂಚಿನ ಸಂದಿಯಲ್ಲಿ ಹೇಗೋ ದಾರಿ ಮಾಡಿಕೊಂಡು ಹೋಗುತ್ತಿತ್ತು. ನನ್ನ ಪಕ್ಕದ ಬೆಂಚಿನಲ್ಲಿ ಹಿಲ್ಡಾ ಕೂರುತ್ತಿದ್ದಳು. ಅವಳದು ಕೊಂಕಣಿ, ನನ್ನದು ತುಳು, ನಮ್ಮಿಬ್ಬರ ನಡುವೆ ಕನ್ನಡ, ಸಿಸ್ಟರ್ ಹತ್ತಿರ ಬಂದರೆ ಇಂಗ್ಲಿಷ್. ಬೋರ್ಡಿಂಗಿನಲ್ಲಿ ನಮ್ಮ ಮಂಚಗಳೂ ಅಕ್ಕಪಕ್ಕ. ಮುಂದೆ ಅವಳು ನರ್ಸಿಂಗ್ ಕಲಿತು, ಹಡಗು ಹತ್ತಿ ಹೋಗಿ, ನಾವು ಹೊಲಿದಂಥದೇ ಒಂದು ಕಲ್ಲಿನ ಮನೆಯಲ್ಲಿ ನಿಜವಾಗಿ ಬಾಳಿದಳು. ಕಾಟ್ಸ್‌ವೋಲ್ಡ್ಸ್ ಎಂಬ ಆ ಗುಡ್ಡಸೀಮೆಯ ಹಳ್ಳಿಯೊಂದರಲ್ಲಿ, ಜೇನಿನ ಬಣ್ಣದ ಕಲ್ಲಿನ ಮನೆಗಳ ಸಾಲಿನಲ್ಲಿ, ಮಗಳು ರೂತ್ ಜೊತೆಗೆ ಈಗಲೂ ಇದ್ದಾಳೆ. ಇದ್ದಾಳೆ ಎಂದು ಬರೆದೆ. ಆ ಪದದ ಬಗ್ಗೆ ನಾನು ಇತ್ತೀಚೆಗೆ ಬಹಳ ಯೋಚಿಸಿದ್ದೇನೆ.

ಎರಡು ವರ್ಷದಿಂದ ಹಿಲ್ಡಾಳ ನೆನಪು ಸವೆಯುತ್ತಿದೆ. ಮೊದಲು ಹೆಸರುಗಳು ಹೋದವು, ಆಮೇಲೆ ಮನೆಯೊಳಗಿನ ದಾರಿಗಳು. ದುಬೈಯಲ್ಲಿ ವಾಟ್ಸಾಪಿನಲ್ಲಿ ಬರಹ ಹೋಗುತ್ತದೆ, ಮಾತು ಹೋಗುವುದಿಲ್ಲ. ಹಾಗಾಗಿ ನಾನು ಲ್ಯಾಂಡ್‌ಲೈನಿನಿಂದ ಫೋನು ಮಾಡುವುದು, ಅದೂ ಮಗ ಮನೆಯಲ್ಲಿರುವ ಶುಕ್ರವಾರ. ಶುಕ್ರವಾರಗಳಲ್ಲಿ ಹಿಲ್ಡಾ ನನ್ನನ್ನು ‘ಡಿಯರ್’ ಎನ್ನುತ್ತಿದ್ದಳು. ಆಸ್ಪತ್ರೆಯ ವಾರ್ಡಿನಲ್ಲಿ ಹಾಸಿಗೆಯಿಂದ ಹಾಸಿಗೆಗೆ ಹೋಗುತ್ತ ಎಲ್ಲರನ್ನೂ ಕರೆಯುತ್ತಿದ್ದ ಅದೇ ಡಿಯರ್. ಊಟ ಆಯಿತಾ ಡಿಯರ್, ಮಲಗಿ ಡಿಯರ್. ಅಷ್ಟು ಸೌಜನ್ಯದಿಂದ ಯಾರೂ ನನ್ನನ್ನು ಅಪರಿಚಿತಳನ್ನಾಗಿ ಮಾಡಿರಲಿಲ್ಲ.

ಜನವರಿಯಲ್ಲಿ ರೂತ್ ಒಂದು ಮಾತು ಹೇಳಿದಳು. “ಕಮ್ ಸೂನ್, ಆಂಟಿ. ಒಂದು ವೀಕೆಂಡ್ ಆದರೂ ಬನ್ನಿ. ಆಫ್ಟರ್ ಮಾಸ್ ಶೀ ಈಸ್ ಹರ್ಸೆಲ್ಫ್, ಎರಡು ಮೂರು ಗಂಟೆ. ಮತ್ತೆ ಹೋಗಿಬಿಡ್ತಾಳೆ.” ಮಾಸ್ ಎಂದರೆ ನಮ್ಮ ಕಡೆ ಪೂಜೆ ಎನ್ನುವ ಚರ್ಚಿನ ಆರಾಧನೆ. ಅಲ್ಲಿಯ ಹಾಡು ಕಿವಿಗೆ ಬಿದ್ದು, ಬಾಯಿ ತಾನಾಗಿ ಪ್ರಾರ್ಥನೆ ಹೇಳಿಕೊಂಡು, ಅಲ್ಲಿಂದ ಮನೆಗೆ ಬಂದು ಊಟ ಮುಗಿಯುವ ತನಕ ಹಿಲ್ಡಾ ಹಿಲ್ಡಾಳಾಗಿರುತ್ತಾಳಂತೆ. ಬೇಸಗೆಯ ನಂತರ ಆ ಹೊತ್ತೂ ಉಳಿಯುವ ಭರವಸೆ ಡಾಕ್ಟರಿಗೆ ಇಲ್ಲವಂತೆ. ನಾನು ಫೋನಿಟ್ಟು ಮಗನಿಗೆ ಹೇಳಿದ್ದು ಇಷ್ಟೇ: “ಪೂಜೆ ಆದ ಮೇಲೆ ಹೋಗಬೇಕಂತೆ, ಸುಧೀರ. ಅದೊಂದು ಹೊತ್ತಿನಲ್ಲಿ ಅವಳಿಗೆ ಗುರುತು ಸಿಗ್ತದಂತೆ.”

ಸುಧೀರ ಜೆಬೆಲ್ ಅಲಿಯ ಒಂದು ಶಿಪ್ಪಿಂಗ್ ಕಂಪನಿಯಲ್ಲಿದ್ದಾನೆ. ಒಳ್ಳೆಯ ಮಗ, ಸ್ವಲ್ಪ ಅವಸರದವನು. ಶುಕ್ರವಾರದ ನೀರುದೋಸೆಯ ಮೇಜೇ ನಮ್ಮ ಮನೆಯ ಪಾರ್ಲಿಮೆಂಟ್. ತಟ್ಟೆಗಳ ನಡುವೆ ಲ್ಯಾಪ್‌ಟಾಪ್ ಇಟ್ಟು ಅವನು ಯೋಜನೆ ಶುರು ಮಾಡಿದ.

“ಹೇಗೂ ಅಷ್ಟು ದೂರ ಹೋಗ್ತೇವೆ. ಒಂದು ಕೋಟೆ ನೋಡುವ,” ಎಂದ.

“ಕೋಟೆ ನಮ್ಮ ಊರಲ್ಲೂ ಉಂಟು. ಅಲ್ಲಿ ಔಟ್‌ಲೆಟ್ ವಿಲೇಜ್ ಅಂತ ಉಂಟಂತೆ, ಬ್ಯಾಗ್ ಎಲ್ಲ ಅರ್ಧ ರೇಟು,” ಎಂದಳು ಸೊಸೆ ವಿನಯಾ.

“ದುಬೈಯಲ್ಲಿದ್ದುಕೊಂಡು ಶಾಪಿಂಗಿಗೆ ಇಂಗ್ಲೆಂಡಿಗೆ ಹೋಗುವುದಾ ಮಾರಾಯ್ತಿ?”

“ಮರಳುಗಾಡಿನಲ್ಲಿದ್ದುಕೊಂಡು ನೀವು ಕಲ್ಲು ನೋಡ್ಲಿಕ್ಕೆ ಹೋಗುದಿಲ್ವಾ?”

ಮೊಮ್ಮಗಳು ಮೇಘಾ ಫೋನಿನಿಂದ ತಲೆ ಎತ್ತದೆ “ವಿಲ್ ದೇರ್ ಬಿ ವೈಫೈ ಇನ್ ದ ಕಾಟೇಜ್?” ಎಂದಳು. ನನಗೆ ಮಾತ್ರ ಕಾಟೇಜ್ ಎಂಬ ಪದವೇ ಸಾಕಾಗಿತ್ತು. ಪರದೆಯ ಮೇಲೆ ನಾವು ಬಾಡಿಗೆಗೆ ಉಳಿಯಬಹುದಾದ ಮನೆಗಳು ಒಂದೊಂದಾಗಿ ಬಂದು ಹೋಗುತ್ತಿದ್ದರೆ, ಕೊಡೆಯಂತೆ ಬಾಗಿದ ಹುಲ್ಲುಮಾಡು, ಮೊಣಕಾಲೆತ್ತರದ ಕಲ್ಲುಗೋಡೆ, ಒಳಗೆ ಬರಲು ತಲೆ ತಗ್ಗಿಸಬೇಕಾದ ಬಾಗಿಲು, ಇವೆಲ್ಲ ನಿಜವಾಗಿಯೂ ಇವೆಯಲ್ಲ, ಸಿಸ್ಟರ್ ನಮಗೆ ಸುಳ್ಳು ಹೇಳಿರಲಿಲ್ಲವಲ್ಲ ಎಂದು ಮನಸ್ಸು ಕುಣಿಯುತ್ತಿತ್ತು. ಗುರುವಾರ ರಾತ್ರಿಯ ವಿಮಾನ, ಶುಕ್ರವಾರ ಬೆಳಿಗ್ಗೆ ಲಂಡನ್, ಅಲ್ಲಿಂದ ಬಾಡಿಗೆ ಕಾರು; ಪೂಜೆ ಮುಗಿಯುವ ಹೊತ್ತಿಗೆ ಹಿಲ್ಡಾಳ ಮನೆ. ಶನಿವಾರ ಕೋಟೆ ಮತ್ತು ಬ್ಯಾಗು. ಶನಿವಾರ ರಾತ್ರಿ ಹೊರಟರೆ ಭಾನುವಾರ ಬೆಳಿಗ್ಗೆ ಇಲ್ಲಿ, ನೇರ ಆಫೀಸಿಗೆ. “ಒಂದು ದಿನವೂ ರಜೆ ಹಾಕದೆ ಇಂಗ್ಲೆಂಡು. ಖಲಾಸ್,” ಎಂದು ಸುಧೀರ ಕೈ ಕೊಡವಿದ. ಬದಲಾಯಿಸಲಾಗದ ಟಿಕೇಟು ಅಗ್ಗವಾಗಿ ಸಿಕ್ಕಿತೆಂದು ಅಂದೇ ತೆಗೆದ. ಪಾಸ್‌ಪೋರ್ಟುಗಳು ವೀಸಾ ಕೇಂದ್ರಕ್ಕೆ ಹೋಗಿ, ಅವು ಮರಳುವ ತನಕ ಬಾಗಿಲ ಕರೆಗಂಟೆಗೆಲ್ಲ ನಾನೇ ಎದ್ದು ಹೋಗಿ, ಕೊನೆಗೆ ನಾಲ್ವರಿಗೂ ವೀಸಾ ಬಂತು.

ಈಗ ನಿಮಗೆ ತಪ್ಪು ಕಂಡಿರಬಹುದು. ನಮಗೆ ಕಾಣಲಿಲ್ಲ. ನಮ್ಮ ಎದುರಿನ ಫ್ಲಾಟಿನ ಲವೀನಾ ಮತ್ತು ಅವಳ ಗಂಡ ಮಕ್ಕಳು ಪ್ರತಿ ಶುಕ್ರವಾರ ಬೆಳಿಗ್ಗೆ ಇಸ್ತ್ರಿಯ ಬಟ್ಟೆ ತೊಟ್ಟು ಪೂಜೆಗೆ ಹೊರಡುತ್ತಾರೆ; ಅವರು ಹೋದ ಮೇಲೆ ಲಿಫ್ಟಿನಲ್ಲಿ ಸೆಂಟಿನ ಪರಿಮಳ ಉಳಿದಿರುತ್ತದೆ. ಇಲ್ಲಿ ರಜೆ ಶುಕ್ರವಾರ ಶನಿವಾರ, ಭಾನುವಾರ ಕೆಲಸದ ದಿನ, ಹಾಗಾಗಿ ಚರ್ಚಿನ ದೊಡ್ಡ ಜನಸಂದಣಿಯೂ ಶುಕ್ರವಾರ. ಎಂಟು ವರ್ಷ ಆ ಪರಿಮಳ ಉಸಿರಾಡಿದವರಿಗೆ ಪೂಜೆಯ ದಿನವೆಂದರೆ ಶುಕ್ರವಾರವೇ. ಅದು ಯಾವ ದಿನವೆಂದು ರೂತ್ ಹೇಳಲಿಲ್ಲ, ಇಂಗ್ಲೆಂಡಿನಲ್ಲಿ ಅದನ್ನು ಯಾರೂ ಹೇಳುವುದಿಲ್ಲ. ನಾನು ಕೇಳಲಿಲ್ಲ, ದುಬೈಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ.

ನನಗೆ ಅದು ಹೊಳೆದದ್ದು ಮಾರ್ಚಿನ ಒಂದು ಭಾನುವಾರ ಬೆಳಿಗ್ಗೆ, ಮೇಘಾಳ ಟಿಫಿನ್ ಡಬ್ಬಿಗೆ ಚಪಾತಿ ಸುತ್ತುವಾಗ. ಕೆಳಗೆ ಸ್ಕೂಲ್ ಬಸ್ಸು ಹಾರ್ನ್ ಹಾಕುತ್ತಿತ್ತು. ವಾರದ ಮೊದಲ ದಿನದ ಗಡಿಬಿಡಿ. ಇದೇ ಭಾನುವಾರ ನಮ್ಮ ಬೋರ್ಡಿಂಗಿನಲ್ಲಿ ಎಷ್ಟು ನಿಧಾನದ ದಿನವಾಗಿತ್ತು ಎಂದು ಸುಮ್ಮನೆ ನೆನೆದೆ. ಕ್ರಿಶ್ಚನ್ ಹುಡುಗಿಯರು ತಲೆಗೆ ಬಿಳಿ ವೇಲ್ ಹಾಕಿ ಚಾಪೆಲಿಗೆ ಹೋದರೆ ಉಳಿದ ನಾವು ವರಾಂಡದ ಮೆಟ್ಟಿಲಲ್ಲಿ ಕೂತು ಕಾಯುತ್ತಿದ್ದೆವು, ಹಾಡು ಮುಗಿದ ಮೇಲೆ ಹಿಲ್ಡಾ ಓಡಿ ಬರುತ್ತಿದ್ದಳು, ಹಸಿದು ಕೆಂಪಾಗಿ, ಯಾವಾಗಲೂ ಒಂದು ಹೊಸ ಸುದ್ದಿಯೊಡನೆ. ಭಾನುವಾರ. ಪೂಜೆ ಮುಗಿದ ಮೇಲೆ. ಚಪಾತಿ ಕೈಯಲ್ಲೇ ಉಳಿಯಿತು. ಬಸ್ಸು ಇನ್ನೊಮ್ಮೆ ಕೂಗಿತು. “ಅಜ್ಜಿ, ಯಲ್ಲಾ, ಬೇಗ!” ಎಂದು ಮೇಘಾ ಡಬ್ಬಿಯನ್ನು ನನ್ನ ಕೈಯಿಂದ ಕಿತ್ತುಕೊಂಡು ಓಡಿದಳು.

ರೂತ್ ಹೇಳಿದ ಹೊತ್ತು ಆ ಊರಿನ ಭಾನುವಾರದ್ದು. ನಾವು ಆ ಹೊತ್ತಿಗೆ ವಿಮಾನ ಇಳಿದು ಇಲ್ಲಿರುತ್ತೇವೆ. ಶುಕ್ರವಾರ ಮಧ್ಯಾಹ್ನ ನಾನು ಆ ಜೇನುಬಣ್ಣದ ಮನೆಯ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಹೋಗುತ್ತೇನೆ. ಕಿಟಕಿಯ ಹತ್ತಿರ ಕೂತ ಒಬ್ಬ ಮುದುಕಿ ನನ್ನನ್ನು ಡಿಯರ್ ಎನ್ನುತ್ತಾಳೆ. ನಾನು ಚಹಾ ಕುಡಿದು ಎದ್ದು ಬರುತ್ತೇನೆ.

ಇದನ್ನು ಕೂಡಲೇ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಮಕ್ಕಳ ಮನೆಯಲ್ಲಿ ಇರುವವರಿಗೆ ಗೊತ್ತು: ಪ್ರೀತಿಗೆ ಕೊರತೆ ಇಲ್ಲದಿದ್ದರೂ ಬೇಡಿಕೆಗೆ ಒಂದು ಸಂಕೋಚ ಇರುತ್ತದೆ. ನನ್ನ ವೀಸಾ ಮಗನ ಹೆಸರಿನಲ್ಲಿ, ನನ್ನ ಮಾತ್ರೆ ಸೊಸೆಯ ನೆನಪಿನಲ್ಲಿ. ಕೊಟ್ಟದ್ದನ್ನು ಸಂತೋಷದಿಂದ ತೆಗೆದುಕೊಳ್ಳುವ ಅಭ್ಯಾಸ ಆದ ಮೇಲೆ, ಕೊಟ್ಟದ್ದು ಇದಲ್ಲ ಅದು ಬೇಕು ಎನ್ನಲು ನಾಲಿಗೆ ಏಳುವುದಿಲ್ಲ. ಆ ವಾರವಿಡೀ ನಾನು ಮಾತು ಜೋಡಿಸುತ್ತ ಕಳೆದೆ. ಬೆಂಡೆಕಾಯಿ ಹೆಚ್ಚುವಾಗ ಜೋಡಿಸಿದ್ದು ಒಗ್ಗರಣೆ ಹಾಕುವಾಗ ಬಿಚ್ಚಿಹೋಗುತ್ತಿತ್ತು. ವಿನಯಾ ಎರಡು ಸಲ “ಅತ್ತೆ, ಮೈ ಹುಷಾರಿಲ್ವಾ?” ಎಂದು ಕೇಳಿದಳು. ಹೊಸ ಸ್ವೆಟರ್ ತಂದು ನನ್ನ ಭುಜಕ್ಕೆ ಹಿಡಿದು ನೋಡಿದಳು. ಆ ಸ್ವೆಟರಿನ ಮೃದುತ್ವವೇ ನನ್ನನ್ನು ಇನ್ನಷ್ಟು ಮೂಕಳನ್ನಾಗಿ ಮಾಡಿತು.

ಶುಕ್ರವಾರ ದೋಸೆಯ ಮೇಜಿನಲ್ಲಿ ಹೇಳಿದೆ. ಜೋಡಿಸಿದ್ದೆಲ್ಲ ಮರೆತು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಸುಧೀರ ಮೊದಲು ನಕ್ಕ. ಆಮೇಲೆ ಮುಖ ಗಂಟಾಯಿತು. “ಹೌದಲ್ಲ. ಅಲ್ಲಿ ಸಂಡೇ. ನನಗೆ ತಲೆಗೇ ಹೋಗ್ಲಿಲ್ಲ.” ಲ್ಯಾಪ್‌ಟಾಪ್ ತೆರೆದು ಟಿಕೇಟು ನೋಡಿ, “ಪರವಾಗಿಲ್ಲ ಅಮ್ಮ, ಫ್ರೈಡೇ ಹೋದ್ರೆ ಎಂತ ಆಯ್ತು? ಹಿಲ್ಡಾ ಆಂಟಿ ಮನೆಯಲ್ಲೇ ಇರ್ತಾರಲ್ಲ.”

“ಮನೆಯಲ್ಲಿ ಇರ್ತಾಳೆ.”

“ಮತ್ತೆ?”

“ನನ್ನ ಗುರುತು ಸಿಗುವುದಿಲ್ಲ, ಸುಧೀರ.”

“ನಿನಗೆ ಅವರ ಗುರುತು ಸಿಗ್ತದಲ್ಲ. ನೋಡಿದ ಹಾಗೆ ಆಗ್ತದೆ.” ಅವನ ದನಿಯಲ್ಲಿ ಕಾಠಿಣ್ಯ ಇರಲಿಲ್ಲ, ಲೆಕ್ಕ ತಪ್ಪಿದವನ ಗಾಬರಿ ಇತ್ತು. “ಸಂಡೇ ಕ್ವಾರ್ಟರ್ ಕ್ಲೋಸಿಂಗ್ ಮೀಟಿಂಗ್ ಉಂಟು, ಹೊಸ ಮ್ಯಾನೇಜರ್ ಬಂದಿದ್ದಾನೆ. ಇವಳಿಗೆ ಮಂಡೇ ಟೆಸ್ಟು. ಟಿಕೇಟು ಚೇಂಜ್ ಆಗುವುದಿಲ್ಲ. ಎಂತ ಮಾಡುವುದು ಹೇಳು.”

“ನೀವು ಮೂರೂ ಜನ ಶನಿವಾರ ಹೊರಡಿ. ನಾನು ಸೋಮವಾರ ಬರ್ತೇನೆ.”

ನನ್ನ ಬಾಯಿಂದ ಬಂದ ವಾಕ್ಯವನ್ನು ನಾನೂ ಅವರ ಜೊತೆಗೇ ಮೊದಲ ಸಲ ಕೇಳಿದೆ.

“ಒಬ್ಬಳೇ? ಲಂಡನ್ ಏರ್‌ಪೋರ್ಟಿನಲ್ಲಿ? ಎಂತದಮ್ಮ ನೀನು,” ಎಂದ ಸುಧೀರ. “ಶುಗರ್ ಇಳಿದ್ರೆ ಯಾರು ನೋಡ್ಲಿಕ್ಕುಂಟು?”

“ವೀಲ್‌ಚೇರಿನವರು ಗೇಟಿನ ತನಕ ಬಿಡ್ತಾರೆ.”

“ಗೇಟಿನ ತನಕ. ಆಮೇಲೆ?”

ಮೇಘಾ ಫೋನಿನಿಂದ ತಲೆ ಎತ್ತಿದಳು. ಆ ವಯಸ್ಸಿನವರ ಪ್ರಾಮಾಣಿಕತೆಗೆ ಮೊನೆ ಇರುತ್ತದೆ. “ಬಟ್ ಅಜ್ಜಿ, ಸಂಡೇ ಹೋದ್ರೂ ಶೀ ವೋಂಟ್ ರಿಮೆಂಬರ್ ಇಟ್ ಲೇಟರ್, ನೋ?”

“ಮೇಘಾ,” ಎಂದಳು ವಿನಯಾ ತಗ್ಗಿದ ದನಿಯಲ್ಲಿ.

“ನನಗೆ ನೆನಪಿರ್ತದಲ್ಲ ಮಗಾ,” ಎಂದೆ. ಅಷ್ಟೇ. ದೋಸೆ ತಣ್ಣಗಾಯಿತು. ಸುಧೀರ ಲ್ಯಾಪ್‌ಟಾಪ್ ಮುಚ್ಚಿದ. ಆ ದಿನ ಮಾಲಿಗೆ ಹೋಗುವ ಮಾತಿತ್ತು, ಯಾರೂ ಹೋಗಲಿಲ್ಲ. ಶನಿವಾರ ಮನೆಯಲ್ಲಿ ಎಲ್ಲರೂ ಅತಿ ವಿನಯದಿಂದ ನಡೆದುಕೊಂಡೆವು. ನೆಂಟರ ಮನೆಯಲ್ಲಿ ಇರುವವರ ಹಾಗೆ, ಒಂದು ಲೋಟ ನೀರಿಗೂ ಥ್ಯಾಂಕ್ಯೂ.

ನೋಡುವುದೆಂದರೇನು ಎಂದು ನಾನು ಆ ಎರಡು ದಿನ ಯೋಚಿಸಿದೆ. ಮಗ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕೋಟೆಯನ್ನು ನೋಡಿ ಬರುತ್ತೇವೆ, ಕೋಟೆ ನಮ್ಮನ್ನು ನೋಡಬೇಕೆಂದು ಬಯಸುವುದಿಲ್ಲ. ಹಳೆಯ ಕಲ್ಲು, ಹಳೆಯ ಗಡಿಯಾರ, ಯಾವ ಕಾಲದಲ್ಲೋ ಉಣ್ಣೆ ಮಾರುತ್ತಿದ್ದ ಚಾವಡಿ, ಇವನ್ನೆಲ್ಲ ಕಾಣಲು ನಮ್ಮ ಕಣ್ಣೊಂದಿದ್ದರೆ ಸಾಕು. ಗೆಳತಿಯ ವಿಷಯ ಹಾಗಲ್ಲ. ನನ್ನ ಹದಿನಾಲ್ಕು ವರ್ಷದ ಮುಖವನ್ನು ಕಂಡವರು ಈಗ ಭೂಮಿಯ ಮೇಲೆ ಎಷ್ಟು ಜನ ಉಳಿದಿದ್ದಾರೆ? ನನ್ನ ಅಪ್ಪ ಅಮ್ಮ ಇಲ್ಲ, ಗಂಡ ನನ್ನನ್ನು ಕಂಡದ್ದು ಆಮೇಲೆ, ಅವರೂ ಹೋದರು. ಈ ಮನೆಯಲ್ಲಿ ನಾನು ಹುಟ್ಟಿದ್ದೇ ಅಜ್ಜಿಯಾಗಿ. ಆ ಹುಡುಗಿ ಇದ್ದಳು ಎಂಬುದಕ್ಕೆ ಉಳಿದ ಒಬ್ಬಳೇ ಸಾಕ್ಷಿ ಹಿಲ್ಡಾ, ಅವಳ ಸಾಕ್ಷ್ಯಕ್ಕೆ ವಾರಕ್ಕೆ ಎರಡೋ ಮೂರೋ ಗಂಟೆ. ಇದನ್ನು ಮಗನಿಗೆ ವಿವರಿಸುವುದು ಹೇಗೆ? ಅವನಿಗೆ ಇನ್ನೂ ಸಾಕ್ಷಿಗಳು ಬಹಳ ಮಂದಿ ಇದ್ದಾರೆ.

ಭಾನುವಾರ ಸಂಜೆ ಧೈರ್ಯ ಮಾಡಿ ನಾನೇ ನಂಬರು ಒತ್ತಿದೆ. ಕಣ್ಣಿಗೆ ಅಂಕಿ ಸರಿಯಾಗಿ ಕಾಣದ್ದರಿಂದ ಮೇಘಾ ಸಹಾಯ ಮಾಡಿದಳು, ಕೇಳಿಸಲೆಂದು ಸ್ಪೀಕರ್ ಹಾಕಿದಳು. ಅಲ್ಲಿ ಮಧ್ಯಾಹ್ನ, ಅವರು ಊಟದ ಮೇಜಿನಿಂದ ಇನ್ನೂ ಎದ್ದಿರಲಿಲ್ಲ. ಶುಕ್ರವಾರ ಬರುತ್ತಿದ್ದೇವೆಂದು ನಾನು ಹೇಳಿದ್ದಕ್ಕೆ ರೂತ್ “ಓಹ್, ಐ ಸೀ,” ಎಂದಳು. ಆ ಓಹ್‌ನಲ್ಲಿ ಎಲ್ಲ ಇತ್ತು. “ಮಮ್ಮಿ ಇಲ್ಲೇ ಇದ್ದಾಳೆ, ಕೊಡ್ತೇನೆ,” ಎಂದಳು. ಅದೇ ಹೊತ್ತಿಗೆ ಸುಧೀರ ಆಫೀಸಿನಿಂದ ಬಂದು ಬಾಗಿಲ ಬಳಿ ಶೂ ಬಿಚ್ಚಲು ಬಗ್ಗಿದ್ದ.

“ಯಾರದು?” ಎಂದಿತು ಫೋನು, ಕನ್ನಡದಲ್ಲಿ.

“ನಾನು ಮಾರಾಯ್ತಿ, ಸರೋಜ.”

“ಯಾವ ಸರೋಜ? ಉದ್ದ ಜಡೆಯ ಸರೋಜನಾ, ಸ್ಟಡಿ ಹಾಲಿನಲ್ಲಿ ನಿದ್ದೆ ತೂಗುವ ಸರೋಜನಾ?”

“ಎರಡೂ ನಾನೇ.”

“ಜಡೆ ಉಂಟಾ ಈಗ?”

“ಉಂಟು. ಕಿರುಬೆರಳಿನಷ್ಟು.”

ಅವಳು ನಕ್ಕಳು. ಚಾಪೆಲಿನಿಂದ ಓಡಿ ಬಂದವಳ ನಗೆ. “ನನ್ನದು ಅಷ್ಟೂ ಇಲ್ಲ. ಇವರು ಕತ್ತರಿಸಿ ಗಂಡು ಮಾಡಿಟ್ಟಿದ್ದಾರೆ. ನೀನು ಬರ್ತಿಯಂತೆ?”

“ಬರ್ತೇನೆ. ಬರುವ ತಿಂಗಳು. ಶುಕ್ರವಾರ.”

ಅತ್ತ ಕಡೆ ಚಮಚವೊಂದು ತಟ್ಟೆಗೆ ತಾಗಿದ ಸದ್ದು. ನಾನು ಬಾಗಿಲ ಕಡೆ ನೋಡಲಿಲ್ಲ.

“ಶುಕ್ರವಾರ ಬೇಡ, ಸರೋಜ,” ಎಂದಳು ಹಿಲ್ಡಾ. ಈಗ ಅವಳ ದನಿಯಲ್ಲಿ ನಗೆ ಇರಲಿಲ್ಲ. “ಪೂಜೆ ಆದ ಮೇಲೆ ಬಾ. ಬೇರೆ ದಿನ ಇವರು ನನ್ನನ್ನು ಇಲ್ಲೇ ಕುರ್ಚಿಯಲ್ಲಿ ಕೂರಿಸಿರ್ತಾರೆ. ಆದ್ರೆ ನಾನು ಸಿಗುವುದಿಲ್ಲ.”

ಅವಳಿಗೆ ಗೊತ್ತಿದೆ ಎಂಬುದು ನನಗೆ ಗೊತ್ತಿರಲಿಲ್ಲ. ಮರೆವು ಒಂದು ಮಂಪರು, ಅದರೊಳಗಿದ್ದವರಿಗೆ ನೋವಿಲ್ಲ ಎಂದು ನಾವೆಲ್ಲ ನಂಬಿಕೊಂಡಿದ್ದೆವು. ವಾರಕ್ಕೊಮ್ಮೆ ಮನೆಗೆ ಬಂದು, ತಾನು ಉಳಿದ ದಿನ ಇರಲಿಲ್ಲವೆಂದು ತಿಳಿದು, ಮತ್ತೆ ಹೊರಡುವ ಹೊತ್ತು ಬಂತೆಂದೂ ತಿಳಿದು ಊಟ ಮಾಡುತ್ತಾಳಲ್ಲ ಆ ಹೆಂಗಸು.

ಉತ್ತರ ಕೊಟ್ಟದ್ದು ಸುಧೀರ. ಒಂದು ಕಾಲಲ್ಲಿ ಶೂ ಹಾಗೇ ಇತ್ತು; ಬಂದು ನನ್ನ ಪಕ್ಕ ನೆಲದಲ್ಲೇ ಕೂತು ಫೋನಿಗೆ ಬಾಗಿದ. “ಆಂಟಿ, ನಾನು ಸರೋಜನ ಮಗ. ಸಂಡೇನೇ ಬರ್ತೇವೆ. ಪೂಜೆ ಆದ ಮೇಲೆ.”

“ಒಳ್ಳೇದಾಯ್ತು ಬಾಬಾ. ತಡ ಮಾಡಬೇಡಿ,” ಎಂದಳು ಹಿಲ್ಡಾ.

ಹೊಸ ಮ್ಯಾನೇಜರಿಗೆ ಅವನು ಏನು ಹೇಳಿದನೋ ನನಗೆ ತಿಳಿಸಲಿಲ್ಲ. ಎರಡು ದಿನ ಮುಖ ಊದಿಕೊಂಡಿತ್ತು, ಆಮೇಲೆ ಇಳಿಯಿತು. ವಿನಯಾ ಮತ್ತು ಮೇಘಾ ಶನಿವಾರ ರಾತ್ರಿ ಹೊರಡುತ್ತಾರೆ, ನಾನೂ ಸುಧೀರನೂ ಹೊಸ ಟಿಕೇಟು ತೆಗೆದು ಸೋಮವಾರ. ಆದರೆ ರೂತ್ ನಿನ್ನೆ ಬರೆದಿದ್ದಾಳೆ, ಕಳೆದ ಭಾನುವಾರ ಹಿಲ್ಡಾ ಪೂಜೆಯಿಂದ ಬಂದ ಮೇಲೂ ಬಹಳ ಹೊತ್ತು ಡಿಯರ್ ಎನ್ನುತ್ತಲೇ ಇದ್ದಳಂತೆ. ನಾಡಿದ್ದು ಹೊರಡುವುದು.

ಅವಳಿಗೆ ನನ್ನ ಗುರುತು ಹಿಡಿಯಲು ಸುಲಭವಾಗಲೆಂದು, ಭಾನುವಾರ ತುರುಬು ಬೇಡ, ಜಡೆ ಹಾಕಿಕೊಳ್ಳುತ್ತೇನೆ ಎಂದೆ. ಆಡಿದ ಮೇಲೆ ಹೊಳೆಯಿತು, ಬಲಭುಜ ಸೆಟೆದು ನನ್ನ ಕೈ ತಲೆಯ ಹಿಂದಕ್ಕೆ ಹೋಗುವುದಿಲ್ಲ, ತಲೆ ಬಾಚುವುದು ವಿನಯಾ. ಭಾನುವಾರ ಬೆಳಿಗ್ಗೆ ಆ ಕಾಟೇಜಿನಲ್ಲಿ ಉಳಿಯುವವನು ಸುಧೀರ ಒಬ್ಬನೇ. ಈಗ ಇದನ್ನು ಬರೆಯುತ್ತಿರುವಾಗ ಹಾಲಿನಲ್ಲಿ ಮೇಘಾ ಅಪ್ಪನಿಗೆ ಬೆನ್ನು ಹಾಕಿ ಸ್ಟೂಲಿನಲ್ಲಿ ಕೂತಿದ್ದಾಳೆ. ಅವನ ದಪ್ಪ ಬೆರಳುಗಳು ಅವಳ ಕೂದಲಲ್ಲಿ ದಾರಿ ತಪ್ಪಿವೆ.

“ಮೂರು ಎಳೆ, ಪಪ್ಪಾ. ನಾಟ್ ಟೂ. ಮೂರು.”

“ಗೊತ್ತುಂಟು, ಗೊತ್ತುಂಟು. ತಲೆ ಅಲ್ಲಾಡಿಸ್ಬೇಡ.”

“ಬಿಗಿ ಹಿಡಿ. ಅಜ್ಜೀದು ಇನ್ನೂ ಸಪೂರ ಉಂಟು, ಜಾರ್ತದೆ.”

ಅವನು ಬಿಚ್ಚಿ, ಮತ್ತೆ ಮೊದಲಿನಿಂದ ಹೆಣೆಯಲು ಶುರು ಮಾಡಿದ್ದಾನೆ.